ಅಮ್ಮನೊಂದಿಗೆ ಪ್ರಯಾಗ, ಕಾಶಿ, ಗಯೆ. ಅನಂತರ ಹೃಷೀಕೇಶದಲ್ಲಿ ಆಶ್ರಮವಾಸ: ಯಾತ್ರೆಯ ಕ್ರಮ ಹೇಗಿರಬೇಕು?

ಪ್ರಶ್ನೆ – ಶಿವಮೊಗ್ಗ ಜಿಲ್ಲೆಯಿಂದ

ಎಲ್ಲರಿಗೂ ನಮಸ್ಕಾರ.

ನಮ್ಮ ತಂದೆಯವರು ತೀರಿಕೊಂಡು ಬರುವ ಶ್ರಾವಣಕ್ಕೆ ಎರಡು ವರ್ಷವಾಗುತ್ತದೆ. ಬದುಕಿದ್ದಷ್ಟು ಕಾಲವೂ ಅವರು ಅಡಿಕೆ ಕೊಯ್ಲು ಮುಗಿದ ಮೇಲೆ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗುವ ಮಾತನ್ನು ಆಡುತ್ತಿದ್ದರು. ಒಂದು ವರ್ಷ ತಂಗಿಯ ಮದುವೆ, ಇನ್ನೊಂದು ವರ್ಷ ತೋಟಕ್ಕೆ ಕೊಳೆರೋಗ, ಮತ್ತೊಂದು ವರ್ಷ ಅವರದೇ ಅನಾರೋಗ್ಯ, ಹೀಗೆ ಆ ಯಾತ್ರೆ ಕಡೆಗೂ ಕೈಗೂಡಲಿಲ್ಲ. ಈಗ ಅಮ್ಮನಿಗೆ 74 ವರ್ಷ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಆದರೆ ಎರಡೂ ಮಂಡಿಗಳು ಸವೆದಿದ್ದು, ಹತ್ತು ಹನ್ನೆರಡು ಮೆಟ್ಟಿಲು ಹತ್ತಿದರೆ ಕುಳಿತು ಸುಧಾರಿಸಿಕೊಳ್ಳಬೇಕಾಗುತ್ತದೆ. ಹೋದ ತಿಂಗಳು ವೈದ್ಯರ ಬಳಿಯಿಂದ ಹಿಂದಿರುಗುವಾಗ ಅವರು, "ಕಾಲು ಇನ್ನೂ ನಡೆಯುತ್ತಿರುವಾಗಲೇ ಗಯೆಯಲ್ಲಿ ಅವರಿಗೆ ಪಿಂಡ ಹಾಕಿಸಿಬಿಡು, ಆಮೇಲೆ ನಾನು ಏನನ್ನೂ ಕೇಳುವುದಿಲ್ಲ" ಎಂದರು. ಅಮ್ಮ ತಮಗಾಗಿ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ನನ್ನ ನೆನಪಿನಲ್ಲಿ ಇದೇ ಮೊದಲು. ಆದ್ದರಿಂದ ಈ ಬಾರಿ ದಸರಾ ರಜೆಯಲ್ಲಿ ಹೊರಡುವುದೆಂದು ನಿಶ್ಚಯಿಸಿದ್ದೇವೆ.

ಹೊರಡುವವರು ಆರು ಮಂದಿ: ಅಮ್ಮ, ನಾನು, ನನ್ನ ಪತ್ನಿ, ಪ್ರಥಮ ಪಿಯುಸಿ ಓದುತ್ತಿರುವ ಮಗಳು, ಆರನೆಯ ತರಗತಿಯ ಮಗ ಮತ್ತು ಲಂಡನ್ನಿನಿಂದ ಬರಲಿರುವ ನನ್ನ ತಮ್ಮ. ತಮ್ಮನ ರಜೆ ಮತ್ತು ಮಕ್ಕಳ ರಜೆ ಎರಡೂ ಕೂಡುವುದು ಹದಿನೈದು ದಿನ ಮಾತ್ರ. ಒಂದು ಪ್ರವಾಸ ಸಂಸ್ಥೆಯವರನ್ನು ವಿಚಾರಿಸಿದಾಗ ಅವರು ಹತ್ತೇ ದಿನದಲ್ಲಿ ಪ್ರಯಾಗ, ಕಾಶಿ, ಗಯೆ, ಅಯೋಧ್ಯೆ, ನೈಮಿಷಾರಣ್ಯ, ಮಥುರೆ, ಹರಿದ್ವಾರ, ಹೃಷೀಕೇಶಗಳನ್ನೆಲ್ಲ ತೋರಿಸುವ ಪಟ್ಟಿಯನ್ನು ಕೊಟ್ಟರು. ಆ ಪಟ್ಟಿಯಲ್ಲಿ ಗಯೆಗೆ ಉಳಿದಿದ್ದ ಸಮಯ ಬೆಳಗಿನ ನಾಲ್ಕು ಗಂಟೆಗಳಷ್ಟೇ. ಅಮ್ಮ ಇಡೀ ಯಾತ್ರೆಯನ್ನು ಯಾವುದಕ್ಕಾಗಿ ಬಯಸಿದ್ದಾರೋ ಅದಕ್ಕೇ ಅರ್ಧ ದಿನವೂ ಇಲ್ಲವೆಂಬುದನ್ನು ನೋಡಿ, ಆ ಪಟ್ಟಿಯನ್ನು ಬದಿಗಿಟ್ಟು ನಾವೇ ಯೋಜನೆ ಮಾಡಿಕೊಳ್ಳೋಣವೆಂದು ತೀರ್ಮಾನಿಸಿದೆ.

ಇದರ ಜೊತೆಗೆ ನನ್ನ ಪತ್ನಿಯದೂ ಒಂದು ಆಸೆಯಿದೆ. ನಮ್ಮ ತಂದೆಯವರು ಹಾಸಿಗೆ ಹಿಡಿದಿದ್ದ ಹದಿನಾಲ್ಕು ತಿಂಗಳಲ್ಲಿ ಅವರ ಸೇವೆಯನ್ನು ಹೆಚ್ಚಾಗಿ ಮಾಡಿದವಳು ಅವಳೇ. ಈ ಯಾತ್ರೆಯ ಕೊನೆಯಲ್ಲಿ ಹೃಷೀಕೇಶದ ಯಾವುದಾದರೂ ಆಶ್ರಮದಲ್ಲಿ ನಾಲ್ಕೈದು ದಿನ ಗಂಗೆಯ ದಡದಲ್ಲಿ ಸುಮ್ಮನೆ ಇದ್ದು ಬರಬೇಕೆಂದು ಅವಳು ಕೇಳುತ್ತಿದ್ದಾಳೆ, ಮತ್ತು ಆ ಕೋರಿಕೆ ಅಮ್ಮನ ಕೋರಿಕೆಯಷ್ಟೇ ನ್ಯಾಯವಾದುದೆಂದು ನನಗನ್ನಿಸುತ್ತದೆ. ಆದರೆ ಬೆಳಗಿನ ಜಾವ ಏಳುವ, ಮೊಬೈಲ್ ಬದಿಗಿಡುವ, ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಊಟದ ಆ ಜೀವನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಸರಿಯೇ, ಆಶ್ರಮದವರಿಗೆ ಅದರಿಂದ ತೊಂದರೆಯಾಗುವುದಿಲ್ಲವೇ? ಗಯೆಯ ಕರ್ಮಕ್ಕೆ ಎಷ್ಟು ದಿನ ಇಟ್ಟುಕೊಳ್ಳಬೇಕು, ನವರಾತ್ರಿಯ ದಿನಗಳಲ್ಲಿ ಅದನ್ನು ಮಾಡಬಹುದೇ, ಅಮ್ಮನ ಮಂಡಿಗಳಿಗೆ ಕಾಶಿಯ ಮೆಟ್ಟಿಲುಗಳು ನಿಲುಕುತ್ತವೆಯೇ? ಹೋಗಿಬಂದವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ಧಾರವಾಡದಿಂದ

ನಮಸ್ಕಾರ. ನಾನು ನಿವೃತ್ತ ಶಿಕ್ಷಕ. ತಂದೆಯವರಿಗಾಗಿ ಒಮ್ಮೆ, ತಾಯಿಯವರಿಗಾಗಿ ಒಮ್ಮೆ, ಹೀಗೆ ಎರಡು ಸಲ ಗಯೆಗೆ ಹೋಗಿಬಂದಿದ್ದೇನೆ. ನಿಮ್ಮ ತಾಯಿಯವರ ಮಾತನ್ನು ಓದಿ ಆ ಎರಡೂ ಯಾತ್ರೆಗಳು ಕಣ್ಣ ಮುಂದೆ ಬಂದವು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, ಆ ಪ್ರವಾಸ ಸಂಸ್ಥೆಯ ಪಟ್ಟಿಯನ್ನು ಬದಿಗಿಟ್ಟದ್ದು ಒಳ್ಳೆಯದಾಯಿತು. ಅಯೋಧ್ಯೆ, ಮಥುರೆಗಳು ಎಲ್ಲಿಗೂ ಹೋಗುವುದಿಲ್ಲ. ಅವುಗಳಿಗೆ ನಿಮ್ಮ ಮಕ್ಕಳು ಮುಂದೊಂದು ದಿನ ತಾವೇ ಹೋಗಬಲ್ಲರು. ಪ್ರಯಾಗ, ಕಾಶಿ, ಗಯೆ ಈ ಮೂರನ್ನು ಸೇರಿಸಿ ತ್ರಿಸ್ಥಲಿ ಎನ್ನುತ್ತಾರೆ, ಮತ್ತು ನಮ್ಮ ಕಡೆಯ ಹಿರಿಯರು ಕಾಶಿಯಾತ್ರೆ ಎಂದಾಗ ಈ ಮೂರನ್ನೂ ಒಟ್ಟಿಗೇ ಹೇಳುತ್ತಿದ್ದರು. ಮೈಸೂರಿನಿಂದ ಬೆಂಗಳೂರಿನ ಮೇಲೆ ವಾರಾಣಸಿಗೆ ಹೋಗುವ ರೈಲಿನಲ್ಲಾಗಲಿ, ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ಸಂಘಮಿತ್ರಾ ಎಕ್ಸ್‌ಪ್ರೆಸ್‌ನಲ್ಲಾಗಲಿ ಹೊರಟು ಪ್ರಯಾಗದಲ್ಲಿ ಇಳಿಯಿರಿ, ಅಲ್ಲಿ ಒಂದು ದಿನ ಕಳೆದು ರಸ್ತೆಯಲ್ಲಿ ಸುಮಾರು 125 ಕಿಲೋಮೀಟರ್ ದೂರದ ಕಾಶಿಗೆ ಬನ್ನಿ, ಅಲ್ಲಿ ಕನಿಷ್ಠ ಮೂರು ರಾತ್ರಿ ವಾಸವಿದ್ದು ಸುಮಾರು 250 ಕಿಲೋಮೀಟರ್ ದೂರದ ಗಯೆಗೆ ಹೋಗಿ. ಗಯೆಗೆ ಎರಡು ಪೂರ್ಣ ದಿನಗಳನ್ನು ಇಟ್ಟುಕೊಳ್ಳಿ: ಒಂದು ಕರ್ಮಕ್ಕೆ, ಇನ್ನೊಂದು ಏನೂ ಮಾಡದೆ ಇರುವುದಕ್ಕೆ. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, 2024ರ ನವೆಂಬರ್‌ಗೆ ಮೊದಲು ಇದ್ದ 120 ದಿನದ ಅವಧಿ ಈಗಿಲ್ಲ. ಆದ್ದರಿಂದ ತಾರೀಖು ಗೊತ್ತಾದ ಕೂಡಲೇ ಆ ಬೆಳಗ್ಗೆಯೇ ಕುಳಿತು ಮಾಡಿಸಿ, ತಾಯಿಯವರಿಗೆ ಹಿರಿಯರ ಕೋಟಾದಲ್ಲಿ ಕೆಳಗಿನ ಬರ್ತ್ ಕೇಳಿ.

ನವರಾತ್ರಿಯ ಬಗ್ಗೆ ಕೇಳಿದ್ದೀರಿ. ಗಯೆಯಲ್ಲಿ ಎಲ್ಲ ಕಾಲದಲ್ಲಿಯೂ ಪಿಂಡ ಕೊಡಬಹುದೆಂಬ ಪುರಾಣವಚನವನ್ನು ಅಲ್ಲಿನ ಪುರೋಹಿತರೆಲ್ಲ ಹೇಳುತ್ತಾರೆ. ಆದರೂ ನಿಮ್ಮ ಮನೆಯ ಪುರೋಹಿತರ ಒಂದು ಮಾತು ಕೇಳಿಕೊಂಡು ಹೊರಟರೆ ತಾಯಿಯವರ ಮನಸ್ಸಿಗೂ ಸಮಾಧಾನ. ಪಿತೃಪಕ್ಷದಲ್ಲಿ ಗಯೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದಂತೆ ಜನ ಇಳಿದುಹೋಗುತ್ತಾರೆ, ಆದ್ದರಿಂದ ನಿಮ್ಮ ದಸರಾ ರಜೆ ಈ ದೃಷ್ಟಿಯಿಂದ ಅನುಕೂಲವೇ ಆಯಿತು. ಅಲ್ಲಿನ ಕ್ಷೇತ್ರಪುರೋಹಿತರನ್ನು ಗಯಾವಾಳರೆನ್ನುತ್ತಾರೆ. ನಿಲ್ದಾಣದಲ್ಲಿ ಇಳಿದೊಡನೆ ಯಾರು ಯಾರೋ ನಿಮ್ಮ ಊರಿನ ಹೆಸರು ಹಿಡಿದು ಕರೆಯುತ್ತಾರೆ, ಅವರ ಹಿಂದೆ ಹೋಗಬೇಡಿ. ಮಾಧ್ವರಿಗೆ ಉತ್ತರಾದಿ ಮಠದ ಶಾಖೆ ಗಯೆಯಲ್ಲಿದೆ, ಬೇರೆ ಸಂಪ್ರದಾಯದವರೂ ತಮ್ಮ ತಮ್ಮ ಮಠದ ಮೂಲಕ ಮೊದಲೇ ಮಾತನಾಡಿ, ದಕ್ಷಿಣೆ ಎಷ್ಟು, ಸಾಮಗ್ರಿ ಅದರಲ್ಲಿ ಸೇರಿದೆಯೇ, ಎಷ್ಟು ಹೊತ್ತಿನ ಕರ್ಮ ಎಂಬುದನ್ನೆಲ್ಲ ಸ್ಪಷ್ಟಪಡಿಸಿಕೊಂಡು ಹೋಗಬೇಕು. ನನ್ನ ಮೊದಲ ಯಾತ್ರೆಯಲ್ಲಿ ಇದನ್ನು ಮಾಡಿಕೊಳ್ಳದೆ, ಕರ್ಮದ ನಡುವೆ, ಕೈಯಲ್ಲಿ ದರ್ಭೆ ಹಿಡಿದುಕೊಂಡೇ ಹಣದ ಚರ್ಚೆ ನಡೆಸಬೇಕಾಯಿತು. ಆ ನೋವು ಇಂದಿಗೂ ಹೋಗಿಲ್ಲ.

ಫಲ್ಗು ನದಿಯನ್ನು ಸೀತೆಯ ಶಾಪದಿಂದ ಒಳಗೇ ಹರಿಯುವವಳು ಎನ್ನುತ್ತಾರೆ. ನಾನು ಮೊದಲು ಹೋದಾಗ ನದಿಯಲ್ಲಿ ಕಣ್ಣಿಗೆ ಕಾಣುವ ನೀರೇ ಇರಲಿಲ್ಲ. ಪುರೋಹಿತರು ತೋರಿಸಿದ ಕಡೆ ಮಂಡಿಯೂರಿ ಕುಳಿತು ಎರಡೂ ಕೈಯಿಂದ ಮರಳು ತೋಡಿದೆ, ಮೊಣಕೈಯಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಮರಳು ಕಪ್ಪಾಗಿ, ತಣ್ಣಗಾಗಿ, ಬೊಗಸೆಯಷ್ಟು ತಿಳಿನೀರು ತಾನಾಗಿ ತುಂಬಿಕೊಂಡಿತು. ಅದೇ ನೀರಿನಿಂದ ತರ್ಪಣ ಕೊಟ್ಟೆವು. 2022ರಲ್ಲಿ ವಿಷ್ಣುಪಾದ ದೇವಾಲಯದ ಹತ್ತಿರ ರಬ್ಬರ್ ಅಣೆಕಟ್ಟೆಯನ್ನು ಕಟ್ಟಿದ ಮೇಲೆ ಘಾಟಿನಲ್ಲಿ ನೀರು ನಿಲ್ಲುತ್ತದೆ, ವಯಸ್ಸಾದವರಿಗೆ ಸ್ನಾನ ಸುಲಭವಾಗಿದೆ. ದೇವಾಲಯದೊಳಗೆ, ಬೆಳ್ಳಿಯ ಕಟ್ಟು ಹಾಕಿದ ಎಂಟು ಮೂಲೆಯ ಕುಂಡದ ನಡುವೆ, ಬಂಡೆಯ ಮೇಲೆ ಮೂಡಿದ ವಿಷ್ಣುವಿನ ಪಾದವಿದೆ. ಈಗಿನ ದೇವಾಲಯವನ್ನು 1787ರಲ್ಲಿ ಕಟ್ಟಿಸಿದವರು ಅಹಲ್ಯಾಬಾಯಿ ಹೋಳ್ಕರ್. ಅದಕ್ಕೆ ಕೆಲವು ವರ್ಷ ಮೊದಲು ಕಾಶಿಯ ವಿಶ್ವನಾಥನ ಗುಡಿಯನ್ನು ಮರಳಿ ಕಟ್ಟಿಸಿದವರೂ ಅವರೇ. ಗಂಡನನ್ನೂ ಮಗನನ್ನೂ ಕಳೆದುಕೊಂಡ ಮೇಲೆ ರಾಜ್ಯವಾಳಿದ ಆ ಹೆಣ್ಣುಮಗಳ ಕಥೆಯನ್ನು ನಿಮ್ಮ ಮಗಳಿಗೆ ರೈಲಿನಲ್ಲಿಯೇ ಹೇಳಿರಿ, ಆಗ ಆ ಎರಡು ಗುಡಿಗಳನ್ನು ಅವಳು ಬೇರೆಯೇ ಕಣ್ಣಿನಿಂದ ನೋಡುತ್ತಾಳೆ.

ಒಂದು ಮುಖ್ಯವಾದ ಮಾತು. ಹೊರಡುವ ಮೊದಲು ತಂದೆಯ ಕಡೆಯ, ತಾಯಿಯ ಕಡೆಯ ಮೂರು ತಲೆಮಾರಿನ ಹೆಸರು, ಗೋತ್ರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಅಷ್ಟಕ್ಕೇ ನಿಲ್ಲಿಸಬೇಡಿ. ಗಯೆಯಲ್ಲಿ ಧರ್ಮಪಿಂಡವೆಂದು ಕೊಡುತ್ತಾರೆ. ಬಂಧುಗಳಲ್ಲದವರಿಗೆ, ಗೆಳೆಯರಿಗೆ, ಮನೆಯಲ್ಲಿ ದುಡಿದವರಿಗೆ, ಮಕ್ಕಳಿಲ್ಲದೆ ಹೋದವರಿಗೆ, ಸಾಕಿದ ಪ್ರಾಣಿಗಳಿಗೆ ಸಹ ಅಲ್ಲಿ ಪಿಂಡವಿದೆ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಒಂಟಿಯಾಗಿದ್ದ ಒಬ್ಬ ಅಜ್ಜಿ ಪ್ರತಿ ಸಂಜೆ ನನ್ನನ್ನು ಕರೆದು ಬೆಲ್ಲ ಶೇಂಗಾ ಕೊಡುತ್ತಿದ್ದರು. ಅವರ ಗೋತ್ರ ನನಗೆ ತಿಳಿದಿರಲಿಲ್ಲ, ನಿಜವಾದ ಹೆಸರೂ ತಿಳಿದಿರಲಿಲ್ಲ, ಓಣಿಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಹೇಳಿ ಪಿಂಡವಿಟ್ಟೆ. ತಾಯಿಯವರಿಗೆ ಮಾಡುವಾಗ ಮಾತೃಷೋಡಶಿ ಎಂದು ಹದಿನಾರು ಪಿಂಡಗಳಿವೆ: ತಿಂಗಳು ತಿಂಗಳೂ ಹೊತ್ತ ಕಷ್ಟಕ್ಕೊಂದು, ಹೆರಿಗೆಯ ನೋವಿಗೊಂದು, ಮಗುವಿಗಾಗಿ ಕುಡಿದ ಕಹಿ ಮದ್ದಿಗೊಂದು, ರಾತ್ರಿ ಮಗು ಒದ್ದೆ ಮಾಡಿದ ಸೀರೆಗೊಂದು. ಪುರೋಹಿತರು ಒಂದೊಂದರ ಅರ್ಥವನ್ನು ಹೇಳುತ್ತ ಹೋದಾಗ ಐದನೆಯದಕ್ಕೆ ನನ್ನ ಕೈ ನಿಂತುಹೋಗಿತ್ತು. ನಿಮ್ಮ ತಾಯಿಯವರು ಪಕ್ಕದಲ್ಲಿ ಕುಳಿತಿರುವಾಗಲೇ ನೀವು ಗಯೆಗೆ ಹೋಗುತ್ತಿದ್ದೀರಿ, ಅದು ದೊಡ್ಡ ಭಾಗ್ಯ.

ಕರ್ಮವನ್ನು ಅಣ್ಣತಮ್ಮಂದಿರು ಒಟ್ಟಿಗೆ ಕುಳಿತು ಮಾಡಿರಿ. ಮಕ್ಕಳನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ಅಜ್ಜನ ಹೆಸರನ್ನು ಅಪ್ಪನ ಬಾಯಿಂದ ಅಲ್ಲಿ ಅವರು ಕೇಳಬೇಕು. ಎರಡನೆಯ ದಿನ ಹತ್ತಿರದ ಬೋಧಗಯೆಗೆ ಹೋಗಿ ಮಹಾಬೋಧಿ ದೇವಾಲಯದ ಆವರಣದಲ್ಲಿ ಒಂದು ಗಂಟೆ ಕುಳಿತುಬನ್ನಿ. ತಂಗಲು ಸಹ ಗಯೆಯ ಪೇಟೆಗಿಂತ ಬೋಧಗಯೆಯೇ ಅನುಕೂಲ.

ಉತ್ತರ – ಮೈಸೂರಿನಿಂದ

ಧಾರವಾಡದ ಹಿರಿಯರು ಗಯೆಯ ವಿಷಯವನ್ನು ಪೂರ್ಣವಾಗಿ ಬರೆದಿದ್ದಾರೆ, ನಾನು ಮಂಡಿಯ ವಿಷಯವನ್ನಷ್ಟೇ ಹೇಳುತ್ತೇನೆ, ಏಕೆಂದರೆ ಮಂಡಿ ಚಿಪ್ಪು ಬದಲಾಯಿಸಿಕೊಂಡಿದ್ದ ನಮ್ಮ ಅತ್ತೆಯವರನ್ನು ನಾನು ಕಾಶಿಗೆ ಕರೆದುಕೊಂಡು ಹೋಗಿದ್ದೆ.

ದಶಾಶ್ವಮೇಧ ಘಾಟಿನ ಮೆಟ್ಟಿಲುಗಳನ್ನು ಇಳಿಯಬಹುದು, ಹತ್ತುವುದೇ ಕಷ್ಟ. ಅದಕ್ಕೂ ಮೊದಲು ಗೋದೌಲಿಯಾ ವೃತ್ತದಿಂದ ಮುಂದಕ್ಕೆ ಜನಸಂದಣಿಯಿಂದಾಗಿ ವಾಹನ ಬಿಡುವುದಿಲ್ಲ, ನಡೆಯಬೇಕು. ನಾವು ಮಾಡಿದ್ದು ಹೀಗೆ: ರಾಜಘಾಟ್ ಹತ್ತಿರದ ನಮೋ ಘಾಟಿನವರೆಗೆ ಕಾರು ಹೋಗುತ್ತದೆ, ಅಲ್ಲಿ ಇಳಿಜಾರು ದಾರಿಯೂ ಇದೆ. ಅಲ್ಲಿಯೇ ಅತ್ತೆಯವರನ್ನು ದೋಣಿಗೆ ಹತ್ತಿಸಿ, ಪಂಚಗಂಗಾ, ಮಣಿಕರ್ಣಿಕಾ, ದಶಾಶ್ವಮೇಧಗಳನ್ನೆಲ್ಲ ನೀರಿನ ಮೇಲಿನಿಂದ ತೋರಿಸಿ, ಸಂಜೆಯ ಗಂಗಾ ಆರತಿಯನ್ನೂ ದೋಣಿಯಲ್ಲಿ ಕುಳಿತೇ ನೋಡಿದೆವು. ಆರತಿ ಮುಗಿದ ಮೇಲೆ ಅವರು ದೋಣಿಯ ಅಂಚಿನಿಂದ ಬಗ್ಗಿ ಎಲೆಯ ದೊನ್ನೆಯಲ್ಲಿ ದೀಪವನ್ನು ಬಿಟ್ಟು, ಅದು ಕಣ್ಣಿಗೆ ಮರೆಯಾಗುವವರೆಗೂ ಕೈ ಮುಗಿದುಕೊಂಡೇ ಇದ್ದರು. ಮಳೆ ಹೆಚ್ಚಾದ ವರ್ಷಗಳಲ್ಲಿ ದಸರೆಯ ಹೊತ್ತಿಗೂ ಗಂಗೆ ಎತ್ತರದಲ್ಲಿಯೇ ಇರುತ್ತಾಳೆ, ದೋಣಿ ಸಂಚಾರವನ್ನು ನಿಲ್ಲಿಸಿರುವುದುಂಟು, ಆದ್ದರಿಂದ ಕಾಶಿಯ ದಿನಗಳಲ್ಲಿ ಸ್ವಲ್ಪ ಸಡಿಲ ಇಟ್ಟುಕೊಳ್ಳಿ.

ವಿಶ್ವನಾಥನ ದರ್ಶನಕ್ಕೆ ಘಾಟಿನ ಕಡೆಯಿಂದ ಹೋದರೆ ಮೆಟ್ಟಿಲುಗಳು ಬಹಳ; 2021ರ ಡಿಸೆಂಬರ್‌ನಲ್ಲಿ ಹೊಸ ಆವರಣ ತೆರೆದ ಮೇಲೆ ಒಳಗೆ ವಿಶಾಲವಾಗಿದೆ, ಊರಿನ ಕಡೆಯ ದ್ವಾರದಲ್ಲಿ ಕೇಳಿದಾಗ ನಮಗೆ ಗಾಲಿಕುರ್ಚಿ ಸಿಕ್ಕಿತು. ಮೊಬೈಲನ್ನು ಒಳಗೆ ಬಿಡುವುದಿಲ್ಲ, ಕೋಣೆಯಲ್ಲಿಯೇ ಇಟ್ಟುಹೋಗುವುದು ಒಳ್ಳೆಯದು. ಅನ್ನಪೂರ್ಣೆ, ವಿಶಾಲಾಕ್ಷಿ ಹತ್ತಿರದಲ್ಲಿಯೇ ಇದ್ದಾರೆ. ಕಾಲಭೈರವನ ಗುಡಿ ಗಲ್ಲಿಯೊಳಗಿದೆ, ಆದರೆ ಕಾಶಿದಾರ ತಂದು ಬಂಧುಗಳ ಕೈಗೆ ಕಟ್ಟಬೇಕೆಂದು ತಾಯಿಯವರು ಖಂಡಿತ ಬಯಸುತ್ತಾರೆ, ಆದ್ದರಿಂದ ಅಲ್ಲಿಗೆ ಬೆಳಗ್ಗೆ ಬೇಗ ಹೋಗಿ. ಇಳಿದುಕೊಳ್ಳಲು ಗೋದೌಲಿಯಾ ಸಮೀಪದ ಜಂಗಮವಾಡಿ ಮಠದಲ್ಲಿ ಕನ್ನಡ ಮಾತನಾಡುವವರು ಸಿಗುತ್ತಾರೆ, ಹನುಮಾನ್ ಘಾಟ್ ಸುತ್ತಮುತ್ತ ದಕ್ಷಿಣದವರ ಮನೆಗಳೂ ಛತ್ರಗಳೂ ಇವೆ, ಅಲ್ಲಿಯೇ ಕರ್ನಾಟಕ ಘಾಟ್ ಸಹ ಇದೆ.

ಗಂಗೆಯ ಗಿಂಡಿಯನ್ನು ಪ್ರಯಾಗದಲ್ಲಿ ತುಂಬಿಸಬೇಕು, ಕಾಶಿಯಿಂದ ನೀರನ್ನಾಗಲಿ ಮಣ್ಣನ್ನಾಗಲಿ ತರಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಪ್ರಯಾಗದಲ್ಲಿ ದಂಪತಿಗಳು ಮಾಡುವ ವೇಣೀದಾನವನ್ನು ನೀವಿಬ್ಬರೂ ತಪ್ಪದೆ ಮಾಡಿಸಿ. ಗಂಡನೇ ಹೆಂಡತಿಯ ತಲೆ ಬಾಚಿ, ಜಡೆ ಹೆಣೆದು, ತುದಿಯನ್ನು ಕತ್ತರಿಸಿ ಸಂಗಮದಲ್ಲಿ ಬಿಡಬೇಕು. ನಮ್ಮ ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ನಾನು ಪತ್ನಿಯ ಜಡೆ ಹೆಣೆದದ್ದು ಆ ಒಂದೇ ದಿನ.

ಉತ್ತರ – ಪುತ್ತೂರಿನಿಂದ

ಆಶ್ರಮವಾಸದ ಕುರಿತು ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತಿದ್ದೇನೆ. ನಿಮ್ಮ ಪತ್ನಿಯವರ ಆಸೆಯನ್ನು ಓದಿದಾಗ, ನನ್ನ ಅತ್ತೆಯವರು ತೀರಿಕೊಂಡ ಮರುವರ್ಷ ನಾನು ಅದೇ ಆಸೆಯಿಂದ ಹೃಷೀಕೇಶಕ್ಕೆ ಹೋದದ್ದು ನೆನಪಾಯಿತು. ಆಗ ನಮ್ಮ ಮಗನಿಗೆ ಹದಿನಾಲ್ಕು.

ನಾವು ಇದ್ದದ್ದು ಶಿವಾನಂದಾಶ್ರಮದಲ್ಲಿ. ಮಲಯದಲ್ಲಿ ವೈದ್ಯರಾಗಿದ್ದು ಸಂನ್ಯಾಸಿಯಾದ ಸ್ವಾಮಿ ಶಿವಾನಂದರು 1936ರಲ್ಲಿ ಸ್ಥಾಪಿಸಿದ ದಿವ್ಯ ಜೀವನ ಸಂಘದ ಕೇಂದ್ರವದು, ರಾಮ್ ಝೂಲಾ ಸೇತುವೆಯ ಹತ್ತಿರ, ಮುನಿ ಕಿ ರೇತಿಯಲ್ಲಿದೆ. ನಾನು ಅದನ್ನು ಆರಿಸಿಕೊಂಡದ್ದಕ್ಕೆ ಒಂದು ಊರಿನ ಅಭಿಮಾನವೂ ಕಾರಣ: 1961ರಿಂದ ನಾಲ್ಕು ದಶಕ ಆ ಸಂಘದ ಪ್ರಧಾನ ಕಾರ್ಯದರ್ಶಿಯಾಗಿದ್ದ ಸ್ವಾಮಿ ಕೃಷ್ಣಾನಂದರು ನಮ್ಮ ಪುತ್ತೂರಿನಲ್ಲಿ 1922ರಲ್ಲಿ ಹುಟ್ಟಿದವರು, ಶಿವಾನಂದರ ಅನಂತರ 1963ರಿಂದ 2008ರವರೆಗೆ ಅಧ್ಯಕ್ಷರಾಗಿದ್ದು ಕುಷ್ಠರೋಗಿಗಳ ಸೇವೆಯಲ್ಲಿ ಜೀವ ತೇದ ಸ್ವಾಮಿ ಚಿದಾನಂದರು ಮಂಗಳೂರಿನ ಬಳಿಯವರು. ಹಿಮಾಲಯದ ತಪ್ಪಲಿನ ಆ ಆಶ್ರಮವನ್ನು ಅಷ್ಟು ಕಾಲ ನಡೆಸಿದವರು ನಮ್ಮ ಜಿಲ್ಲೆಯ ಇಬ್ಬರು ಎಂಬುದು ನನ್ನ ಮಗನಿಗೆ ಅಲ್ಲಿಗೆ ಹೋಗುವವರೆಗೆ ಗೊತ್ತಿರಲಿಲ್ಲ.

ಅಲ್ಲಿ ಕೋಣೆಗೆ ಬಾಡಿಗೆಯಿಲ್ಲ, ಊಟಕ್ಕೆ ಬೆಲೆಯಿಲ್ಲ. ಕೊಟ್ಟರೆ ಕಾಣಿಕೆ, ಕೊಡದಿದ್ದರೆ ಕೇಳುವವರಿಲ್ಲ. ಆದ್ದರಿಂದಲೇ ಅದನ್ನು ಅಗ್ಗದ ವಸತಿಗೃಹವೆಂದು ತಿಳಿದು ಹೋಗುವುದು ದೊಡ್ಡ ತಪ್ಪು. ಕನಿಷ್ಠ ಒಂದು ತಿಂಗಳು ಮೊದಲು, ಯಾರು ಯಾರು ಬರುತ್ತೀರಿ, ವಯಸ್ಸೆಷ್ಟು, ಯಾವ ದಿನದಿಂದ ಯಾವ ದಿನದವರೆಗೆ, ಏಕೆ ಬರಬೇಕೆಂದಿದ್ದೀರಿ ಎಂಬುದನ್ನು ಪ್ರಾಮಾಣಿಕವಾಗಿ ಬರೆದು ಒಪ್ಪಿಗೆ ಪಡೆಯಬೇಕು. ಎಷ್ಟು ದಿನ ಇರಬಹುದೆಂಬುದನ್ನು ತೀರ್ಮಾನಿಸುವವರು ಅವರು. ಇಡೀ ಆಶ್ರಮ ಗುಡ್ಡದ ಓರೆಯಲ್ಲಿದೆ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಲು ಮೆಟ್ಟಿಲುಗಳೇ ದಾರಿ, ಆದ್ದರಿಂದ ನಿಮ್ಮ ತಾಯಿಯವರ ಮಂಡಿಯ ವಿಷಯವನ್ನು ಆ ಪತ್ರದಲ್ಲಿಯೇ ತಿಳಿಸಿ, ಸಮಾಧಿ ಮಂದಿರಕ್ಕೆ ಹತ್ತಿರದ ಕೆಳಗಿನ ಕೋಣೆಯನ್ನು ಕೇಳಿಕೊಳ್ಳಿ. ಅದು ಸಾಧ್ಯವಾಗದಿದ್ದರೆ ನದಿಯ ಆಚೆ ದಡದಲ್ಲಿ ಗೀತಾ ಭವನ, ಪರಮಾರ್ಥ ನಿಕೇತನಗಳಿವೆ. ಅಲ್ಲಿ ನೆಲ ಸಮತಟ್ಟು, ಕೋಣೆಗಳೂ ಬಹಳ, ಪರಮಾರ್ಥದ ಸಂಜೆಯ ಆರತಿಯೂ ಸುಂದರ, ಜನ ಮಾತ್ರ ಹೆಚ್ಚು.

ದಿನಚರಿಯ ಬಗ್ಗೆ ಹೆದರಬೇಡಿ. ಬೆಳಗ್ಗೆ ಐದಕ್ಕೆ ಪ್ರಾರ್ಥನೆ, ಧ್ಯಾನ, ಅನಂತರ ವಿಶ್ವನಾಥ ಮಂದಿರದಲ್ಲಿ ಅಭಿಷೇಕ, ಗಂಟೆ ಹೊಡೆದಾಗ ಸಾಲಾಗಿ ನೆಲದ ಮೇಲೆ ಕುಳಿತು ಊಟ, ರಾತ್ರಿ ಸತ್ಸಂಗ. ಇವುಗಳ ನಡುವಿನ ಹೊತ್ತೆಲ್ಲ ನಿಮ್ಮದೇ. ಮೊದಲ ದಿನ ನನಗೆ ಕೈಗೆ ಕೆಲಸವಿಲ್ಲದೆ ಒಂದು ಬಗೆಯ ಗಾಬರಿಯೇ ಆಯಿತು, ಹತ್ತು ಗಂಟೆಗೆ ಅಕ್ಕಿ ಇಡಬೇಕೆಂದು ಎದ್ದು ನಿಂತದ್ದೂ ಉಂಟು. ಮೂರನೆಯ ದಿನ ಗಂಗೆಯ ದಡದ ಕಲ್ಲಿನ ಮೇಲೆ ಕುಳಿತಿದ್ದಾಗ, ಅತ್ತೆಯವರ ಕೊನೆಯ ತಿಂಗಳುಗಳಲ್ಲಿ ಅಳಲು ಸಮಯವಿರದೆ ಉಳಿದುಹೋಗಿದ್ದ ಅಳು ತಾನಾಗಿ ಬಂತು, ಮತ್ತು ಅಲ್ಲಿ ಯಾರೂ ಏಕೆಂದು ಕೇಳಲಿಲ್ಲ. ನಿಮ್ಮ ಪತ್ನಿಯವರಿಗೆ ಬೇಕಾಗಿರುವುದು ಇದೇ ಇರಬಹುದು. ಅವರಿಗೆ ಆ ಐದು ದಿನ ಮಕ್ಕಳ ಹೊಣೆಯನ್ನಾಗಲಿ, ಅತ್ತೆಯವರ ಮಾತ್ರೆಯ ಹೊಣೆಯನ್ನಾಗಲಿ ಕೊಡಬೇಡಿ, ಅದನ್ನು ನೀವೂ ನಿಮ್ಮ ತಮ್ಮನೂ ವಹಿಸಿಕೊಳ್ಳಿ.

ಇನ್ನು ಮಕ್ಕಳು. ಆಶ್ರಮದ ಭಜನ ಮಂದಿರದಲ್ಲಿ 1943ರ ಡಿಸೆಂಬರ್ 3ರಂದು ಆರಂಭವಾದ ಮಹಾಮಂತ್ರದ ಕೀರ್ತನೆ ಹಗಲಿರುಳೂ ನಿಲ್ಲದೆ ಇಂದಿಗೂ ನಡೆಯುತ್ತಿದೆ. ಒಬ್ಬರು ಏಳುವ ಮುನ್ನ ಇನ್ನೊಬ್ಬರು ಬಂದು ದನಿ ಸೇರಿಸುತ್ತಾರೆ. ನಮ್ಮ ಮಗ ಮೊದಲ ಎರಡು ದಿನ ಮುಖ ಗಂಟಿಕ್ಕಿಕೊಂಡೇ ಇದ್ದ. ಎರಡನೆಯ ರಾತ್ರಿ ನಿದ್ದೆ ಬಾರದೆ ಆ ಮಂದಿರಕ್ಕೆ ಹೋದಾಗ ಅಲ್ಲಿ ಒಬ್ಬ ವೃದ್ಧರು ಒಬ್ಬರೇ ಹಾಡುತ್ತಿದ್ದರಂತೆ. ಅವರು ಏನೂ ಹೇಳದೆ ತಾಳವನ್ನು ಇವನ ಕಡೆಗೆ ಸರಿಸಿದರಂತೆ. ನಾನು ಎಚ್ಚೆತ್ತು ಹಾಸಿಗೆ ಖಾಲಿಯಿರುವುದನ್ನು ಕಂಡು ಹುಡುಕಿಕೊಂಡು ಹೋದಾಗ, ತಾನು ಎದ್ದರೆ ಆ ಅಜ್ಜ ಒಬ್ಬರೇ ಆಗುತ್ತಾರೆಂದು ಅವನು ಮುಕ್ಕಾಲು ಗಂಟೆಯಿಂದ ಅಲ್ಲಿಯೇ ಕುಳಿತಿದ್ದ. ಮಕ್ಕಳು ತೊಂದರೆ ಕೊಡುತ್ತಾರೆಂಬ ಭಯ ಬೇಡ, ಕೂಗಾಡುವ ವಯಸ್ಸಿನವರನ್ನು ಮಾತ್ರ ಕರೆದೊಯ್ಯಬಾರದು.

ಗಯೆಯಾದ ಮೇಲೆಯೇ ಆಶ್ರಮಕ್ಕೆ ಹೋಗಿ, ಮೊದಲು ಬೇಡ. ಹೌರಾದಿಂದ ಹೃಷೀಕೇಶಕ್ಕೆ ಹೋಗುವ ಡೂನ್ ಎಕ್ಸ್‌ಪ್ರೆಸ್ ಗಯೆಯ ಮೂಲಕವೇ ಹಾದುಹೋಗುತ್ತದೆ, ನಿಧಾನದ ರೈಲಾದರೂ ತಾಯಿಯವರಿಗೆ ಮಧ್ಯದಲ್ಲಿ ಇಳಿದು ಹತ್ತುವ ಶ್ರಮವಿಲ್ಲ. ಹಿಂದಿರುಗುವಾಗ ಹೃಷೀಕೇಶದಿಂದ ಸುಮಾರು 20 ಕಿಲೋಮೀಟರ್ ದೂರದ ಡೆಹ್ರಾಡೂನ್ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಬರಬಹುದು. ಗಂಗೆಯ ಗಿಂಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಭದ್ರವಾಗಿ ಮುಚ್ಚಿಸಿ ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಡಿ.

ಉತ್ತರ – ಬೆಂಗಳೂರಿನಿಂದ

ಎಲ್ಲರೂ ಹೇಳಿದ್ದಕ್ಕೆ ಗೌರವವಿದೆ, ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 74 ವರ್ಷದ, ಮಂಡಿ ನೋವಿನ ಹೆಣ್ಣುಮಗಳಿಗೆ ಗಯೆಯಿಂದ ಹೃಷೀಕೇಶದವರೆಗಿನ ರೈಲುಪ್ರಯಾಣ ಒಂದು ಹಗಲು ಒಂದು ರಾತ್ರಿಯನ್ನೂ ಮೀರುತ್ತದೆ. ಗಯೆಯಿಂದ ಕಾಶಿಗೇ ಮರಳಿ, ಉಳಿದ ದಿನಗಳನ್ನೆಲ್ಲ ಕಾಶಿವಾಸವಾಗಿ ಕಳೆಯುವುದು ಅವರಿಗೆ ಹೆಚ್ಚು ಹಿತವಾಗಬಹುದು. ಕೇದಾರ ಘಾಟಿನ ಹತ್ತಿರ ಒಂದು ಕೋಣೆ ಹಿಡಿದು ನಮ್ಮ ತಂದೆತಾಯಿ ಒಂಬತ್ತು ರಾತ್ರಿ ಇದ್ದರು. ಬೇರೆ ಯಾವ ಊರನ್ನೂ ನೋಡಲಿಲ್ಲ, ನೋಡಬೇಕೆಂದು ಆಮೇಲೆ ಹೇಳಲೂ ಇಲ್ಲ. ತೀರ್ಮಾನವನ್ನು ತಾಯಿಯವರಿಗೂ ನಿಮ್ಮ ಪತ್ನಿಯವರಿಗೂ ಬಿಟ್ಟು, ಅವರಿಬ್ಬರೇ ಕುಳಿತು ಮಾತನಾಡಲಿ. ಇನ್ನೊಂದು ವಿಷಯ: ಕಾಶಿಯಾತ್ರಿಗಳಿಗೆ ರಾಜ್ಯದ ಧಾರ್ಮಿಕ ದತ್ತಿ ಇಲಾಖೆ ಸಹಾಯಧನ ಕೊಡುತ್ತದೆ, 2022ರಲ್ಲಿ ತಲಾ 5,000 ರೂಪಾಯಿಯಂತೆ ಅದು ಆರಂಭವಾಯಿತು, ಟಿಕೆಟ್, ದರ್ಶನದ ರಸೀದಿಗಳನ್ನು ಎಸೆಯದೆ ಇಟ್ಟುಕೊಳ್ಳಿ, ಈಗಿನ ನಿಯಮವನ್ನು ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ ಕೇಳಿದವರಿಂದ – ಶಿವಮೊಗ್ಗ ಜಿಲ್ಲೆಯಿಂದ

ಎಲ್ಲರಿಗೂ ಹೃತ್ಪೂರ್ವಕ ನಮಸ್ಕಾರಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಈ ಎಲ್ಲ ಉತ್ತರಗಳನ್ನು ಗಟ್ಟಿಯಾಗಿ ಓದಿ ಹೇಳಿದೆ. ಬೆಂಗಳೂರಿನವರು ಹೇಳಿದಂತೆ ಅತ್ತೆ ಸೊಸೆ ಇಬ್ಬರನ್ನೂ ಬಿಟ್ಟು ನಾನು ಹೊರಗೆ ಬಂದೆ. ಅರ್ಧ ಗಂಟೆಯ ಮೇಲೆ ಅಮ್ಮನೇ ಕರೆದು, "ಅವಳು ನಿಮ್ಮ ಅಪ್ಪನನ್ನು ಹದಿನಾಲ್ಕು ತಿಂಗಳು ನೋಡಿಕೊಂಡಳು, ನಾನು ಒಂದು ದಿನ ರೈಲಿನಲ್ಲಿ ಮಲಗಲಾರೆನೇ?" ಎಂದರು. ಹಾಗಾಗಿ ಪ್ರಯಾಗ ಒಂದು ದಿನ, ಕಾಶಿ ಮೂರು ರಾತ್ರಿ, ಗಯೆ ಎರಡು ದಿನ, ಹೃಷೀಕೇಶ ಐದು ದಿನ ಎಂದು ನಿರ್ಧಾರವಾಗಿದೆ. ಆಶ್ರಮಕ್ಕೆ ಪತ್ರವನ್ನು ನನ್ನ ಪತ್ನಿಯೇ ಬರೆಯುತ್ತಿದ್ದಾಳೆ.

ಗಯೆಯಲ್ಲಿ ಅಕ್ಷಯವಟದ ಕೆಳಗೆ ಇಷ್ಟವಾದ ಒಂದು ತರಕಾರಿ, ಒಂದು ಹಣ್ಣನ್ನು ಬಿಟ್ಟು ಬರಬೇಕೆಂಬುದನ್ನು ಅಮ್ಮ ಮೊದಲೇ ಬಲ್ಲರು, ಹಲಸಿನ ಹಣ್ಣನ್ನು ಬಿಡುವುದಾಗಿ ಹೇಳುತ್ತಿದ್ದಾರೆ. ಮಗಳು ಬೇಡವೆಂದು ಜಗಳವಾಡುತ್ತಿದ್ದಾಳೆ, ಏಕೆಂದರೆ ಪ್ರತಿ ಬೇಸಿಗೆಯಲ್ಲಿ ಹಿತ್ತಲ ಮರದ ಮೊದಲ ಹಣ್ಣನ್ನು ಅವರಿಬ್ಬರೇ ಕುಳಿತು ಬಿಡಿಸುವುದು ರೂಢಿ. ಧಾರವಾಡದ ಹಿರಿಯರು ಹೇಳಿದ ಹೆಸರುಗಳ ಪಟ್ಟಿಯನ್ನೂ ಆರಂಭಿಸಿದ್ದೇವೆ. ಅಮ್ಮ ಹೇಳುತ್ತಾರೆ, ಮಗ ಬರೆಯುತ್ತಾನೆ. ರಾತ್ರಿ ಹತ್ತರ ಹೊತ್ತಿಗೆ ಮೂವತ್ತೆಂಟು ಹೆಸರುಗಳಾಗಿದ್ದವು; ಅವುಗಳಲ್ಲಿ ಹನ್ನೊಂದನ್ನು ನಾನು ಇದುವರೆಗೆ ಕೇಳಿಯೇ ಇರಲಿಲ್ಲ. ಕೊನೆಯಲ್ಲಿ ಅಮ್ಮ ನಮ್ಮ ಕೊಟ್ಟಿಗೆಯಲ್ಲಿದ್ದ ಗೌರಿ ಎಂಬ ಹಸುವಿನ ಹೆಸರನ್ನು ಬರೆಸಿದರು. ನನ್ನ ತಮ್ಮ ಹುಟ್ಟಿದಾಗ ಅಮ್ಮನಿಗೆ ಹಾಲಿರಲಿಲ್ಲವಂತೆ, ಅವನು ಬೆಳೆದದ್ದು ಆ ಹಸುವಿನ ಹಾಲಿನಿಂದ. ಮಗ ಗೋತ್ರದ ಜಾಗವನ್ನು ಖಾಲಿ ಬಿಟ್ಟು, ಏನು ಬರೆಯಬೇಕೆಂದು ಕೇಳುತ್ತಿದ್ದಾನೆ.

ಉತ್ತರ – ಧಾರವಾಡದಿಂದ

ಖಾಲಿಯೇ ಇರಲಿ. ಗೌರಿ ಎಂದಷ್ಟೇ ಹೇಳಿ ಪಿಂಡವಿಡಿ, ಮತ್ತು ಅದನ್ನು ನಿಮ್ಮ ತಮ್ಮನ ಕೈಯಿಂದ ಇಡಿಸಿ.